ಹಳೆಯ ಗಾಡಿಗೆ ಹೊಸ ಬ್ರೇಕು

ಕೋಲ್ಕತ್ತದ ಅಲಿಪುರಕ್ಕೆ ನಾವು ಬಂದು ನೆಲಸಿ ಕೆಲವು ವರ್ಷಗಳಾದುವು. ಇಲ್ಲಿಯ ಕನ್ನಡ ಮನೆಗಳ ಮಕ್ಕಳಿಗೆ ನುಡಿಯನ್ನು ಕಲಿಸುವುದು ನಮ್ಮ ಕಾಯಕ. ಕಳೆದ ಚಳಿಗಾಲದ ಒಂದು ಭಾನುವಾರ, ಕನ್ನಡಿಗ ಹಿರಿಯರೊಬ್ಬರು ತಮ್ಮ ತಂದೆಯವರ ಕಾಲದ ಷೆವ್ರೊಲೆ ಪಿಕಪ್ ಗಾಡಿಯಲ್ಲಿ ನಮ್ಮನ್ನು ಕೂರಿಸಿಕೊಂಡು ರಾಷ್ಟ್ರೀಯ ಗ್ರಂಥಾಲಯದ ಕಡೆಗೆ ಹೊರಟರು. ಮೃಗಾಲಯದ ಬಳಿ ಮಗುವೊಂದು ತಾಯಿಯ ಕೈ ಬಿಡಿಸಿಕೊಂಡು ರಸ್ತೆಗಿಳಿಯಿತು. ಹಿರಿಯರು ಬ್ರೇಕನ್ನು ಬಲವಾಗಿ ತುಳಿದರು. ಗಾಡಿ ಒಂದು ಮಗ್ಗುಲಿಗೆ ಎಳೆಯಿತು. ಸ್ಟೀರಿಂಗ್ ಚಕ್ರವನ್ನು ತಿರುಗಿಸಿದರೂ ಕೂಡಲೆ ಹೇಳಿದಂತೆ ಕೇಳಲಿಲ್ಲ. ಕೊನೆಗೆ ಮಗುವಿಗೆ ಒಂದು ಮೊಳದ ಅಂತರದಲ್ಲಿ ನಿಂತಿತು. ಮಗು ಗಾಡಿಯನ್ನು ನೋಡಿ ನಕ್ಕಿತು. ನಮಗೆ ನಗು ಬರಲಿಲ್ಲ.

"ಸ್ವಾಮಿ, ಈ ಬ್ರೇಕನ್ನೂ ಸ್ಟೀರಿಂಗನ್ನೂ ತಾವು ಸುಧಾರಿಸಬಾರದೆ?" ಎಂದು ಕೇಳಿದೆವು.

"ಬದಲಿಸಿದರೆ ಇದು ನಮ್ಮ ತಂದೆಯವರ ಗಾಡಿಯಾಗಿ ಉಳಿದೀತೆ, ಮೇಷ್ಟ್ರೇ?" ಎಂದರು ಅವರು.

ಈ ಪ್ರಶ್ನೆ ಹಗುರವಾದುದಲ್ಲ. ಆದುದರಿಂದಲೇ ಅದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಜನರಲ್ ಮೋಟಾರ್ಸ್ ಸಂಸ್ಥೆಯವರು 1928ರಿಂದ 1954ರವರೆಗೆ ಮುಂಬಯಿಯ ಸೆವ್ರಿಯಲ್ಲಿ ಗಾಡಿಗಳನ್ನು ಜೋಡಿಸುತ್ತಿದ್ದರು. ಆ ಕಾಲದ ಇಂತಹ ಗಾಡಿಯಲ್ಲಿ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕುಗಳೇ. ಮೇಲಿಂದ ಮೇಲೆ ತುಳಿದರೆ ಅವು ಕಾದು ಹಿಡಿತವನ್ನು ಕಳೆದುಕೊಳ್ಳುತ್ತವೆ; ಈ ನಗರದ ಮಳೆಗಾಲದಲ್ಲಿ ನಿಂತ ನೀರನ್ನು ದಾಟಿದರೆ ನೆನೆದು ಜಾರುತ್ತವೆ. ಇದಕ್ಕಿಂತ ಭಯಂಕರವಾದುದು ಇನ್ನೊಂದಿದೆ. ನಾಲ್ಕು ಚಕ್ರಗಳಿಗೂ ಒತ್ತಡವನ್ನು ಕಳುಹುವ ದಾರಿ ಒಂದೇ. ಎಲ್ಲಿಯಾದರೂ ಒಂದು ನಳಿಗೆ ಒಡೆದರೆ ನಾಲ್ಕೂ ಬ್ರೇಕುಗಳು ಒಮ್ಮೆಗೇ ಹೋದಂತೆ.

ಚೆನ್ನಾಗಿ ನೋಡಿಕೊಂಡರೆ ಹಳೆಯ ಬ್ರೇಕೇ ಸಾಕೆಂದು ಕೆಲವರು ವಾದಿಸುತ್ತಾರೆ. ಆ ಕಾಲದ ವಿರಳ ಸಂಚಾರಕ್ಕೆ ಅದು ಸಾಕಾಗಿದ್ದಿತು. ಇಂದು ನಮ್ಮ ಮುಂದೆ ಓಡುವ ಕಾರು ಕ್ಷಣಮಾತ್ರದಲ್ಲಿ ನಿಲ್ಲುತ್ತದೆ. ಹಿಂದಿರುವ ಹಳೆಯ ಗಾಡಿ ನಿಲ್ಲಲಾರದು. ಮೇಲಾಗಿ ವೇಗ ಗಂಟೆಗೆ 30 ಕಿಲೋಮೀಟರಿನಿಂದ 60ಕ್ಕೆ ಏರಿದರೆ, ಬ್ರೇಕು ಅಡಗಿಸಬೇಕಾದ ಚಲನಶಕ್ತಿ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆಂದು ವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ದಾರಿಗಳುಳ್ಳ ಜೋಡಿ ಮಾಸ್ಟರ್ ಸಿಲಿಂಡರನ್ನು ಕೂಡಿಸಬೇಕು. ಒಂದು ಕೆಟ್ಟರೂ ಇನ್ನೊಂದು ಗಾಡಿಯನ್ನು ನಿಲ್ಲಿಸುತ್ತದೆ. ಎರಡನೆಯದಾಗಿ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು. 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯದಲ್ಲಿ ಜಾಗ್ವಾರ್ ಕಾರು ಗೆದ್ದುದಕ್ಕೆ ಈ ಬ್ರೇಕಿನ ಬಲವೂ ಒಂದು ಕಾರಣ. ಆದರೆ ಡಿಸ್ಕನ್ನು ಒತ್ತಲು ಕಾಲಿನ ಬಲ ಹೆಚ್ಚು ಬೇಕು. ಅದರೊಡನೆ ಬೂಸ್ಟರನ್ನು ಜೋಡಿಸದಿದ್ದರೆ ಅರ್ಧ ಕೆಲಸವಾದಂತೆ. ಮುಂದಣ ಹಿಂದಣ ಹಿಡಿತಗಳ ಪ್ರಮಾಣವನ್ನೂ ನುರಿತ ಮೆಕ್ಯಾನಿಕನೇ ಸರಿದೂಗಿಸಬೇಕು. ಮೂರನೆಯದಾಗಿ, ಸ್ಟೀರಿಂಗು. ಸವೆದ ಕಿಂಗ್‌ಪಿನ್ನು, ಸಡಿಲವಾದ ಕೀಲುಗಳನ್ನು ಮೊದಲು ಸರಿಪಡಿಸಿ, ಅನಂತರ ಪವರ್ ಸ್ಟೀರಿಂಗಿನ ಯೋಚನೆ ಮಾಡತಕ್ಕದ್ದು. ಅದು ತೋಳಿನ ಶ್ರಮವನ್ನು ಇಳಿಸೀತೇ ಹೊರತು ಸಡಿಲವನ್ನು ಬಿಗಿಮಾಡಲಾರದು.

ಇನ್ನು ಮೂಲರೂಪದ ಮಾತು. ಐವತ್ತು ವರ್ಷ ದಾಟಿದ ಖಾಸಗಿ ವಾಹನಗಳಿಗಾಗಿ ಕೇಂದ್ರ ಸರಕಾರವು 2021ರಲ್ಲಿ ಮಾಡಿದ ನಿಯಮವು, ಚೌಕಟ್ಟು, ಮೈಗೂಡು, ಎಂಜಿನ್ನುಗಳ ಮಾರ್ಪಾಟನ್ನು ಮೂಲರೂಪಕ್ಕೆ ಭಂಗವೆಂದು ಹೆಸರಿಸಿ ಹೇಳುತ್ತದೆ. ಬ್ರೇಕನ್ನು ಹಾಗೆ ಹೆಸರಿಸಿಲ್ಲ. ಅದೇ ಅಳತೆಗೋಲನ್ನು ಪಿಕಪ್ಪಿಗೂ ಹಿಡಿಯುವುದು ನ್ಯಾಯವೆಂದು ನಮ್ಮ ಅಭಿಪ್ರಾಯ. ಆದರೆ ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸ ಬರುವಂತಹ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯಿದೆ ಒಪ್ಪುವುದಿಲ್ಲ. ಆದುದರಿಂದ ಕೈಯಿಡುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ನಮ್ಮೂರಿನ ತೊಟ್ಟಿಯ ಮನೆಗಳನ್ನು ನೆನೆಯೋಣ. ಕೆತ್ತನೆಯ ಬಾಗಿಲನ್ನೂ ಕಂಬಗಳನ್ನೂ ಹಾಗೆಯೇ ಉಳಿಸಿಕೊಂಡು ಹಳೆಯ ವಿದ್ಯುತ್ ತಂತಿಗಳನ್ನು ಬದಲಿಸುತ್ತೇವೆ. ಅಜ್ಜನ ಮನೆ ಹೋಯಿತೆಂದು ಯಾರೂ ಅಳುವುದಿಲ್ಲ. ಅಲಿಪುರದ ನೆರೆಯ ಮಾಝೇರ್‌ಹಾಟ್ ಸೇತುವೆ 2018ರ ಸೆಪ್ಟೆಂಬರ್ 4ರಂದು ಕುಸಿದು ಜನರು ಪ್ರಾಣ ತೆತ್ತರು. ಬಹುಕಾಲ ನಿಂತದ್ದು ಇನ್ನು ಮುಂದೆಯೂ ನಿಂತೀತೆಂದು ನಂಬಿ ಕೂಡುವುದು ಹಿರಿಯರಿಗೆ ತೋರುವ ಗೌರವವಲ್ಲ.

ಇದನ್ನೆಲ್ಲ ಆ ಹಿರಿಯರಿಗೆ ನಿವೇದಿಸಿ, ಬಿಚ್ಚಿದ ಭಾಗಗಳಿಗೆ ಎಣ್ಣೆ ಸವರಿ, ಹೆಸರು ಬರೆದು, ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುವಂತೆಯೂ ಕೇಳಿಕೊಂಡೆವು. ಬೇಕೆಂದಾಗ ಅವರ ಮಕ್ಕಳು ಮತ್ತೆ ಜೋಡಿಸಿಕೊಳ್ಳಬಹುದಷ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ನಮ್ಮ ತಂದೆಯವರಿದ್ದಿದ್ದರೆ ಮೊದಲು ಆ ಮಗುವನ್ನೇ ನೋಡುತ್ತಿದ್ದರು" ಎಂದರು. ಗಾಡಿ ಈಗ ಮೆಕ್ಯಾನಿಕನ ಬಳಿ ಇದೆ.