ತೋಟದ ಮಡಿಸುವ ಚಾಕು: ಹಗುರತನವನ್ನು ಎಲ್ಲಿಂದ ಪಡೆಯಬೇಕು?

ಬೇಸಾಯದ ಉಪಕರಣಗಳೆಂದರೆ ನೇಗಿಲು, ಕುಂಟೆ, ಕೂರಿಗೆ, ಮಚ್ಚು, ಕುಡುಗೋಲುಗಳು ಒಡನೆಯೇ ನೆನಪಿಗೆ ಬರುವುವು. ಎಲೆಯಡಿಕೆಯ ಸಂಚಿಯಲ್ಲಿಯೋ ಅಂಗಿಯ ಜೇಬಿನಲ್ಲಿಯೋ ಅಡಗಿರುವ ಮಡಿಸುವ ಚಾಕು ಯಾರ ಎಣಿಕೆಗೂ ಬಾರದು. ಆದರೂ ತೋಟವುಳ್ಳ ಗ್ರಾಮಗಳಲ್ಲಿ ದಿನವೊಂದಕ್ಕೆ ಅತ್ಯಂತ ಹೆಚ್ಚು ಸಲ ಕೈಗೆ ಬರುವ ಆಯುಧವು ಇದೇ ಆಗಿರುತ್ತದೆ. ಕಸಿಯ ಕಡ್ಡಿಯನ್ನು ಹೆರೆಯುವುದು, ಬೇಡವಾದ ಚಿಗುರನ್ನು ತೆಗೆಯುವುದು, ಬಾಳೆಯ ನಾರನ್ನು ಸೀಳುವುದು, ಗೊಬ್ಬರದ ಚೀಲದ ಹೊಲಿಗೆಯನ್ನು ಬಿಚ್ಚುವುದು ಮೊದಲಾದ ಕೆಲಸಗಳೆಲ್ಲವೂ ಇದರಿಂದಲೇ ನಡೆಯಬೇಕು. ಎತ್ತನ್ನು ಕೊಳ್ಳುವಾಗ ಹಲ್ಲನ್ನೂ ಸುಳಿಯನ್ನೂ ನಡಿಗೆಯನ್ನೂ ಪರೀಕ್ಷಿಸದೆ ಹಣವನ್ನು ಎಣಿಸದ ಯಜಮಾನರು, ಆಳುಗಳಿಗಾಗಿ ಚಾಕುಗಳನ್ನು ಕೊಳ್ಳುವಾಗ ಮಾತ್ರ ಡಜನ್ನಿನ ಬೆಲೆಯೊಂದನ್ನು ಕೇಳಿ, ಒಂದನ್ನು ಅಂಗೈಯಲ್ಲಿ ತೂಗಿ ನೋಡಿ, ಹಗುರವಾಗಿದೆಯೆಂದು ಮೆಚ್ಚಿ, ಕಟ್ಟಿಸಿಕೊಂಡು ಬಂದುಬಿಡುವರು.

ಹಗುರವಾಗಿರುವುದು ದೋಷವಲ್ಲ. ಜೇಬನ್ನು ಜಗ್ಗುವ ಚಾಕುವನ್ನು ಆಳು ಮನೆಯಲ್ಲಿಯೇ ಬಿಟ್ಟುಬರುವನು. ಮನೆಯಲ್ಲಿರುವ ಚಾಕುವಿನಿಂದ ತೋಟಕ್ಕೆ ಪ್ರಯೋಜನವಿಲ್ಲ. ಆದರೆ ತೂಕವನ್ನು ಯಾವ ಭಾಗದಿಂದ ತೆಗೆದು ಹಗುರಮಾಡಿದ್ದಾರೆಂಬುದನ್ನು ನೋಡದೆ ಬರಿಯ ಹಗುರತನವನ್ನೇ ಗುಣವೆಂದು ಎಣಿಸುವುದು ಸರಿಯಲ್ಲ. ಹಿಡಿಯಿಂದ ತೆಗೆದ ತೂಕವು ಲಾಭವು. ಅಲಗಿನಿಂದಲೂ ಕೀಲಿನಿಂದಲೂ ಬೀಗದಿಂದಲೂ ತೆಗೆದ ತೂಕವು ನಷ್ಟವು. ಆ ನಷ್ಟವನ್ನು ತೆರುವವನು ಅಂಗಡಿಯವನಲ್ಲ, ಚಾಕುವನ್ನು ಹಿಡಿದವನು.

ಸ್ವಿಟ್ಸರ್ಲೆಂಡಿನ ಸೈನ್ಯದವರು ತಮ್ಮ ಸಿಪಾಯಿಗಳಿಗೆ ಕೊಡುತ್ತ ಬಂದಿರುವ ಚಾಕುವಿನ ಚರಿತ್ರೆಯು ಈ ವಿಷಯದಲ್ಲಿ ನೋಡತಕ್ಕುದಾಗಿದೆ. 1890ರ ಮೊದಲನೆಯ ಮಾದರಿಗೆ ಮರದ ಹಿಡಿಯೂ ಸಾಧಾರಣ ಇಂಗಾಲದ ಉಕ್ಕಿನ ಅಲಗೂ ಇದ್ದು, ಅದರ ತೂಕವು 144 ಗ್ರಾಂ ಇದ್ದಿತು. 1908ರ ಮಾದರಿಯು 125 ಗ್ರಾಂಗಳಿಗೆ ಇಳಿಯಿತು. 1951ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂದು, ಉದ್ದವೂ 100 ಮಿಲಿಮೀಟರುಗಳಿಂದ 93ಕ್ಕೆ ಕುಗ್ಗಿ, ತೂಕವು 90 ಗ್ರಾಂ ಆಯಿತು. 1961ರಲ್ಲಿ ಅಲ್ಯೂಮಿನಿಯಂ ಹಿಡಿಯನ್ನು ಹಾಕಿದ ಮೇಲೆ 72 ಗ್ರಾಂ ಮಾತ್ರ ಉಳಿಯಿತು. ಎಪ್ಪತ್ತು ವರ್ಷಗಳಲ್ಲಿ ತೂಕವು ಸರಿಯಾಗಿ ಅರ್ಧವಾಯಿತೆಂದ ಹಾಗಾಯಿತು. ಇಲ್ಲಿಗೇ ಕಥೆಯು ಮುಗಿದಿದ್ದರೆ ಹಗುರವಾದಷ್ಟೂ ಒಳ್ಳೆಯದೆಂಬ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿಯು ಬೇಕಾಗಿರಲಿಲ್ಲ. ಆದರೆ 2008ರಲ್ಲಿ ಅದೇ ಸೈನ್ಯದವರು 111 ಮಿಲಿಮೀಟರು ಉದ್ದವೂ 131 ಗ್ರಾಂ ತೂಕವೂ ಉಳ್ಳ ಹೊಸ ಮಾದರಿಯನ್ನು ಗೊತ್ತುಮಾಡಿದರು. ಒಂದೇ ಕೈಯಿಂದ ತೆರೆಯಬಹುದಾದ ಅಲಗು, ತೆರೆದ ಮೇಲೆ ಹಿಂದಕ್ಕೆ ಮಡಿಯದಂತೆ ತಡೆಯುವ ಬೀಗ, ಕೈಗೆ ಜಾರದ ಹಿಡಿ, ಮರ ಕೊಯ್ಯುವ ಗರಗಸ ಇವುಗಳಿಗಾಗಿ ಹಿಂದೆ ಉಳಿಸಿದ ತೂಕದಲ್ಲಿ ಬಹುಭಾಗವನ್ನು ಹಿಂದಕ್ಕೆ ಕೊಟ್ಟರು. ಸಿಪಾಯಿಯ ಬೆನ್ನಿನ ಮೇಲಿನ ಹೊರೆಯನ್ನು ಗ್ರಾಂ ಲೆಕ್ಕದಲ್ಲಿ ನೋಡುವವರೇ ಹೀಗೆ ಮಾಡಿರುವಲ್ಲಿ, ತೋಟದ ಯಜಮಾನರು ಹತ್ತಿಪ್ಪತ್ತು ಗ್ರಾಂಗಳಿಗಾಗಿ ಬೀಗವಿಲ್ಲದ ಚಾಕುವನ್ನು ಆರಿಸುವುದು ಉಚಿತವಲ್ಲ.

ಲೆಕ್ಕವನ್ನು ಸ್ವಲ್ಪ ನೋಡಬಹುದು. ಒಂದು ಘನ ಸೆಂಟಿಮೀಟರು ಹಿತ್ತಾಳೆಯು ಸುಮಾರು 8.5 ಗ್ರಾಂ ತೂಗುವುದು, ಉಕ್ಕು 7.8, ಟೈಟೇನಿಯಂ 4.5, ಅಲ್ಯೂಮಿನಿಯಂ 2.7, ಗಾಜಿನ ಎಳೆ ಬೆರೆಸಿದ ನೈಲಾನು ಒಂದೂವರೆ ಗ್ರಾಮಿಗಿಂತ ಕಡಿಮೆ, ಒಣಗಿದ ತೇಗವು ಮುಕ್ಕಾಲು ಗ್ರಾಮಿಗಿಂತಲೂ ಕಡಿಮೆ. ಹಿಡಿಗೆ ಹತ್ತು ಘನ ಸೆಂಟಿಮೀಟರು ವಸ್ತುವು ಬೇಕೆಂದಿಟ್ಟುಕೊಂಡರೆ, ಹಿತ್ತಾಳೆಗೆ ಬದಲಾಗಿ ಮರವನ್ನು ಹಾಕಿದ ಮಾತ್ರದಿಂದಲೇ ಎಂಬತ್ತು ಗ್ರಾಂಗಳಿಗೆ ಸಮೀಪವಾದ ತೂಕವು ಉಳಿಯುವುದು. ಅಲಗಿನಲ್ಲಿ ಹೀಗಿಲ್ಲ. ಅಂಗೈಯಗಲದ ಅಲಗು ಒಟ್ಟು ಹದಿನೈದು ಗ್ರಾಂಗಳ ಸುತ್ತಮುತ್ತ ಇರುವುದಾದುದರಿಂದ ಅದನ್ನು ಎಷ್ಟು ತೆಳುವಾಗಿಸಿದರೂ ಮೂರು ನಾಲ್ಕು ಗ್ರಾಂಗಳಿಗಿಂತ ಹೆಚ್ಚು ದೊರೆಯದು. ಆದರೆ ಕಳೆದುಕೊಳ್ಳುವುದು ಬಹಳ. ತಗಡಿನ ಬಿಗಿತವು ಅದರ ದಪ್ಪದ ಘನದಂತೆ ಏರಿಳಿಯುವುದು. ಎರಡೂವರೆ ಮಿಲಿಮೀಟರು ದಪ್ಪದ ಅಲಗನ್ನು ಎರಡು ಮಿಲಿಮೀಟರಿಗೆ ಇಳಿಸಿದರೆ ತೂಕವು ಐದರಲ್ಲಿ ಒಂದು ಪಾಲು ತಗ್ಗುವುದು, ಬಿಗಿತವು ಅರ್ಧಕ್ಕೆ ಇಳಿಯುವುದು. ಬಾಗುವ ಅಲಗಿನಿಂದ ಹೆರೆದ ಕಸಿಯ ಕಡ್ಡಿಯ ಮೈಯು ಅಲೆಅಲೆಯಾಗಿರುವುದು. ಕಸಿಯಲ್ಲಿ ತೊಗಟೆಗೂ ಕಟ್ಟಿಗೆಗೂ ನಡುವಣ ಬೆಳವಣಿಗೆಯ ಪದರಗಳು ಒಂದನ್ನೊಂದು ಮುಟ್ಟಬೇಕಷ್ಟೆ. ಆ ಎರಡು ಮೈಗಳ ನಡುವೆ ಸಂದು ಉಳಿದರೆ ಎಷ್ಟು ಬಿಗಿಯಾಗಿ ಪಟ್ಟಿ ಸುತ್ತಿದರೂ ಅವು ಕೂಡುವುದಿಲ್ಲ. ಹಿಡಿಯದೆ ಹೋದ ಕಸಿಗಳಿಗೆ ಮಳೆಯನ್ನೂ ಕಡ್ಡಿಯನ್ನೂ ಕಸಿಗಾರನ ಕೈಗುಣವನ್ನೂ ದೂರುವುದು ವಾಡಿಕೆಯಾಗಿದೆ. ಚಾಕುವನ್ನು ದೂರುವವರು ವಿರಳ.

ಹಿಡಿಯ ವಸ್ತುಗಳಲ್ಲಿ ಮರವೇ ಹಗುರವೂ ಅಗ್ಗವೂ ಬೆವರಿದ ಕೈಗೆ ಹಿತವೂ ಆದುದು. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ 1890ರಿಂದ ಒಪಿನೆಲ್ ಮನೆತನದವರು ಮಾಡುತ್ತ ಬಂದಿರುವ ಚಾಕುವು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಅದರ 8ನೆಯ ಅಂಕದ ಚಾಕುವಿಗೆ ಎಂಟೂವರೆ ಸೆಂಟಿಮೀಟರು ಅಲಗಿದ್ದರೂ ತೂಕವು 45 ಗ್ರಾಂಗಳಷ್ಟೇ; ಹಳೆಯ ಲೆಕ್ಕದಲ್ಲಿ ನಾಲ್ಕು ತೊಲಕ್ಕೆ ತುಸು ಕಡಿಮೆ. ಬೀಚ್ ಮರದ ಒಂದೇ ತುಂಡನ್ನು ಸೀಳಿ ಅಲಗನ್ನು ಕೂರಿಸುವುದರಿಂದ ಒಳಗೆ ಲೋಹದ ಪಟ್ಟಿಗಳೇ ಬೇಕಿಲ್ಲ. ಆದರೆ ಮರಕ್ಕೆ ಒಂದು ಕೊರತೆಯುಂಟು. ಮಳೆಗಾಲದಲ್ಲಿ ತೇವವನ್ನು ಹೀರಿ ಉಬ್ಬಿ, ಅಲಗನ್ನು ಬಿಗಿಯಾಗಿ ಕಚ್ಚಿಕೊಳ್ಳುವುದು. ಬೇಸಿಗೆಯಲ್ಲಿ ಒಣಗಿ ಕುಗ್ಗಿ, ಸಡಿಲ ಬಿಡುವುದು. ಮಾವಿನ ಎಳೆಕಾಂಡದ ಕಸಿಯು ಮಳೆಗಾಲದ ಕೆಲಸವಾದುದರಿಂದ ಇದು ಅಲಕ್ಷ್ಯ ಮಾಡತಕ್ಕ ಸಂಗತಿಯಲ್ಲ. ಮಲೆನಾಡಿನಲ್ಲಿಯಂತೂ ಜೂನಿನಿಂದ ಸೆಪ್ಟೆಂಬರಿನವರೆಗೆ ಎಣ್ಣೆ ಕಾಣದ ಮರದ ಹಿಡಿಯ ಚಾಕುವನ್ನು ಹಲ್ಲಿನಿಂದ ಕಚ್ಚಿ ತೆರೆಯಬೇಕಾದೀತು. ಕೊಂಡ ಹೊಸದರಲ್ಲಿಯೇ ಹಿಡಿಗೆ ಅಗಸೆಯ ಎಣ್ಣೆಯನ್ನು ಎರಡು ಮೂರು ಸಲ ಕುಡಿಸಿ, ಪ್ರತಿಸಲವೂ ಚೆನ್ನಾಗಿ ಒಣಗಿಸಿದರೆ ಈ ತೊಂದರೆಯು ಬಹುಮಟ್ಟಿಗೆ ತಗ್ಗುವುದು. ಹರಳೆಣ್ಣೆಯೂ ಹೊಂಗೆ ಎಣ್ಣೆಯೂ ಮನೆಯಲ್ಲಿ ಸುಲಭವಾಗಿ ಸಿಕ್ಕುವುವಾದರೂ ಅವು ಆರಿ ಗಟ್ಟಿಯಾಗುವ ಜಾತಿಯವಲ್ಲವಾದುದರಿಂದ ಹಿಡಿಯು ಜಿಡ್ಡಾಗಿ ಮಣ್ಣನ್ನು ಅಂಟಿಸಿಕೊಳ್ಳುವುದು.

ನೈಲಾನಿನ ಹಿಡಿಯು ಉಬ್ಬದು, ಕೊಳೆಯದು. ಒಡೆದರೆ ಮಾತ್ರ ಗ್ರಾಮದ ಬಡಗಿಯು ಸರಿಮಾಡಲಾರನು. ಅಲ್ಯೂಮಿನಿಯಂ ಹಿಡಿಯು ಗಟ್ಟಿಯಾದುದು, ಆದರೆ ಮೈಯನ್ನು ಒರಟಾಗಿ ಮಾಡಿರದಿದ್ದರೆ ಒದ್ದೆಯ ಕೈಯಲ್ಲಿ ಜಾರುವುದು. ಟೈಟೇನಿಯಂ, ಇಂಗಾಲದ ಎಳೆ ಮುಂತಾದವು ಷೋಕಿಯ ವಸ್ತುಗಳು. ತೋಟಕ್ಕೆ ಅವುಗಳ ಗೊಡವೆ ಬೇಡ. ಹಿಡಿಯಲ್ಲಿ ಸಾಲಾಗಿ ತೂತುಗಳನ್ನು ಕೊರೆದು ಹಗುರಮಾಡಿದ ಚಾಕುಗಳೂ ಪೇಟೆಯಲ್ಲಿ ದೊರೆಯುತ್ತವೆ. ಗಾಜಿನ ಬೀರುವಿನಲ್ಲಿ ಅವು ಚೆನ್ನಾಗಿಯೇ ಕಾಣುವುವು. ತೋಟದಲ್ಲಿ ಒಂದು ವಾರ ಕಳೆದ ಮೇಲೆ ಆ ತೂತುಗಳಲ್ಲಿ ಕೆಂಪು ಮಣ್ಣೂ ಹಲಸಿನ ಹಾಲೂ ಗಟ್ಟಿಯಾಗಿ ಸೇರಿಕೊಂಡಿರುವುವು. ಅಂಗೈಗಿಂತ ಗಿಡ್ಡವಾದ ಹಿಡಿಯೂ ಬೆರಳಿಗಿಂತ ತೆಳುವಾದ ಹಿಡಿಯೂ ಎಷ್ಟು ಹಗುರವಾಗಿದ್ದರೂ ದಿನಕ್ಕೆ ನೂರಾರು ಕಸಿ ಕಟ್ಟುವವನ ಕೈಯಲ್ಲಿ ಬೊಬ್ಬೆಯೇಳಿಸುವುವು.

ಇನ್ನು ಕೀಲು ಮತ್ತು ಬೀಗ. ಇವುಗಳಲ್ಲಿಯೇ ಅಪಾಯವು ಅಡಗಿದೆ. ಎಲ್ಲಕ್ಕಿಂತ ಸರಳವಾದ ಕಟ್ಟಡವು ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ ಎಂಬ ಚಾಕುವಿನದು. ಮಡಿಸಿದ ಒಂದು ತಗಡು, ಒಂದು ಅಲಗು, ಒಂದು ಆಣಿ. ಸ್ಪ್ರಿಂಗೂ ಇಲ್ಲ, ಬೀಗವೂ ಇಲ್ಲ. ಅಲಗಿನ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿರುವವರೆಗೆ ಮಾತ್ರ ಅದು ತೆರೆದಿರುವುದು. ಸೀಸದಕಡ್ಡಿಯನ್ನು ಕೆತ್ತುವುದಕ್ಕೂ ಹಣ್ಣನ್ನು ಹೆಚ್ಚುವುದಕ್ಕೂ ಅದು ಸಾಕು. ಬೆನ್ನಿನ ಸ್ಪ್ರಿಂಗಿನಿಂದ ನಿಲ್ಲುವ ಸಾಮಾನ್ಯ ಪೇಟೆಯ ಚಾಕುವೂ ಎಳೆದು ಕೊಯ್ಯುವವರೆಗೆ ತೊಂದರೆ ಕೊಡದು. ಆದರೆ ತೋಟದಲ್ಲಿ ಮೊನೆಯನ್ನು ಚುಚ್ಚಿ ತಿರುಗಿಸುವ, ಬೆನ್ನಿನ ಮೇಲೆ ಒತ್ತುವ ಸಂದರ್ಭಗಳು ಬಂದೇ ಬರುವುವು. ಆಗ ಅಲಗು ಹಿಂದಕ್ಕೆ ಮಡಿದು ನೇರವಾಗಿ ತೋರುಬೆರಳಿನ ಮೇಲೆ ಬೀಳುವುದು. ಬೆರಳನ್ನು ಮಡಿಸುವ ನರವು ತುಂಡಾದರೆ ಆ ಬೆರಳು ಮತ್ತೆ ಮೊದಲಿನಂತೆ ಆಗುವುದು ಕಷ್ಟ. ಮಣ್ಣು ಗೊಬ್ಬರಗಳಲ್ಲಿ ಆಡಿದ ಅಲಗಿನ ಗಾಯದಿಂದ ಧನುರ್ವಾಯುವಿನ ಭಯವು ಬೇರೆ. ದಿನಗೂಲಿಯವನಿಗೆ ತೋರುಬೆರಳು ಹೋದರೆ ಕಸಿಯ ಕೆಲಸವೇ ಹೋಯಿತು.

ಒಪಿನೆಲ್ ಚಾಕುವಿಗೂ ಮೊದಲ ಅರವತ್ತೈದು ವರ್ಷಗಳ ಕಾಲ ಬೀಗವಿರಲಿಲ್ಲ. 1955ರಲ್ಲಿ ಹಿಡಿಯ ಕೊರಳಿಗೆ ತಿರುಗುವ ಉಕ್ಕಿನ ಬಳೆಯೊಂದನ್ನು ಹಾಕಿದರು. ಬಳೆಯ ಸೀಳನ್ನು ಪಕ್ಕಕ್ಕೆ ತಿರುಗಿಸಿದರೆ ಅಲಗು ಮಡಿಯಲಾರದು. 2000ದಲ್ಲಿ ಅದನ್ನು ತಿದ್ದಿ, ಮಡಿಸಿದ ಅಲಗು ಜೇಬಿನಲ್ಲಿ ತೆರೆದುಕೊಳ್ಳದಂತೆಯೂ ಮಾಡಿದರು. ಕೆಲವೇ ಗ್ರಾಂಗಳ ವೆಚ್ಚದಲ್ಲಿ ಇಷ್ಟು ರಕ್ಷಣೆಯನ್ನು ಕೊಡುವ ಬೇರೆ ಉಪಾಯವು ದುರ್ಲಭ. ಇದರ ಕುಂದೆಂದರೆ ಬಳೆಯು ತಾನಾಗಿ ತಿರುಗದು. ಆಳು ಮರೆತರೆ ಬೀಗವಿದ್ದೂ ಇಲ್ಲದಂತೆಯೇ. ಒಳಪಟ್ಟಿಯು ತಾನಾಗಿ ಅಲಗಿನ ಹಿಂದೆ ಬಂದು ನಿಲ್ಲುವ ಬೀಗಗಳಲ್ಲಿ ಈ ಕುಂದಿಲ್ಲ. ಆದರೆ ಹಗುರವಾಗಲೆಂದು ಆ ಪಟ್ಟಿಯನ್ನು ಕಾಗದದಂತೆ ತೆಳುವಾಗಿಸಿದ ಅಗ್ಗದ ಚಾಕುಗಳಲ್ಲಿ ಒಂದು ಹರಳು ಮರಳು ಸಿಕ್ಕಿಕೊಂಡರೂ ಪಟ್ಟಿಯು ಪೂರ್ತಿಯಾಗಿ ಬಾರದು, ಒತ್ತಡಕ್ಕೆ ಜಾರಿಯೂ ಬಿಡುವುದು. ಒಳಗೆ ಅಡಗಿರುವ ದುರ್ಬಲವಾದ ಬೀಗಕ್ಕಿಂತ ಹೊರಗೆ ಕಾಣುವ ಬಳೆಯೇ ಮೇಲು. ತಿರುಗಿಸಿದೆಯೋ ಇಲ್ಲವೋ ಎಂಬುದನ್ನು ಮೇಸ್ತ್ರಿಯು ದೂರದಿಂದಲೇ ನೋಡಬಹುದು. ಕೀಲಿನ ಆಣಿಯು ಬಡಿದು ಕೂರಿಸಿದುದಾದರೆ ಸಡಿಲವಾದಾಗ ಕಮ್ಮಾರನು ಸುತ್ತಿಗೆಯ ಒಂದು ಪೆಟ್ಟಿನಿಂದ ಬಿಗಿಮಾಡುವನು. ತಿರುಪು ಹಾಕಿದ ಕೀಲು ಬಿಗಿಮಾಡುವುದಕ್ಕೆ ಸುಲಭವೆನ್ನುವರು, ಆ ನಕ್ಷತ್ರಾಕಾರದ ತಿರುಪುಳಿಯು ಗ್ರಾಮದಲ್ಲಿದ್ದರೆ.

ಉಕ್ಕಿನ ವಿಷಯದಲ್ಲಿ ಒಂದೇ ಉತ್ತರವನ್ನು ಎಲ್ಲ ತೋಟಗಳಿಗೂ ಹೇಳುವುದಕ್ಕಾಗದು. ನೂರಕ್ಕೆ ಒಂದು ಪಾಲಿಗೆ ಸಮೀಪವಾಗಿ ಇಂಗಾಲವಿರುವ ಸಾದಾ ಉಕ್ಕು ಸಾಧಾರಣ ಸಾಣೆಯ ಕಲ್ಲಿನಲ್ಲಿಯೇ ಬೇಗನೆ ಹರಿತವಾಗುವುದು; ಹದ ಕೆಟ್ಟರೆ ನುರಿತ ಕಮ್ಮಾರನು ಮತ್ತೆ ಕೊಡಬಲ್ಲನು. ಆದರೆ ಮಾವಿನ ಹುಳಿರಸವೂ ಗೇರಿನ ಒಗರೂ ತಗುಲಿ ಕಪ್ಪಾಗುವುದು; ಒರಸದೆ ಇಟ್ಟರೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುವುದು. ಕಪ್ಪು ಬಣ್ಣದಿಂದ ಹಾನಿಯಿಲ್ಲ, ತುಕ್ಕಿನಿಂದ ಉಂಟು. 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯು ಕ್ರೋಮಿಯಂ ಬೆರೆಸಿ ಮಾಡಿದ ತುಕ್ಕು ಹಿಡಿಯದ ಉಕ್ಕು ಈ ಕಷ್ಟವನ್ನು ಕಳೆಯಿತು. ಆದರೆ ಅದಕ್ಕೆ ಹದ ಕೊಡುವುದಕ್ಕೆ ಸಾವಿರ ಡಿಗ್ರಿಗೆ ಮೀರಿದ, ಅಳತೆ ತಪ್ಪದ ಶಾಖವು ಬೇಕಾಗಿರುವುದರಿಂದ ಅದು ಗ್ರಾಮದ ಕುಲುಮೆಯ ಕೆಲಸವಲ್ಲ.

ಮಾವು, ಸಪೋಟ, ಸೀಬೆಗಳ ಕೆಲಸಕ್ಕೆ ಸಾದಾ ಉಕ್ಕೇ ಸಾಕೆಂದು ಹೇಳಬಹುದು. ಕಿತ್ತಳೆ, ನಿಂಬೆ, ಮೋಸಂಬಿಗಳ ಸಸಿಮಡಿಯುಳ್ಳವರಿಗೆ ಹಾಗಲ್ಲ. ಎಕ್ಸೊಕಾರ್ಟಿಸ್ ಎಂಬ ರೋಗವು ಈ ಗಿಡಗಳಲ್ಲಿ ಚಾಕುವಿನ ಅಲಗಿನ ಮೂಲಕವೇ ಒಂದರಿಂದ ಒಂದಕ್ಕೆ ಹರಡುವುದು. ಬೇರುಸಸಿಯಾಗಿ ಬಳಸುವ ರಂಗಪುರ ನಿಂಬೆಯು ಈ ರೋಗಕ್ಕೆ ಸುಲಭವಾಗಿ ಈಡಾಗುವುದು; ತೊಗಟೆಯು ಬಿರಿದು ಗಿಡವು ಕುಳ್ಳಾಗುವುದು ಕೆಲವು ವರ್ಷಗಳ ಮೇಲೆ ಕಾಣುವುದರಿಂದ, ಆ ವೇಳೆಗೆ ಒಂದೇ ಚಾಕುವಿನಿಂದ ಇಡೀ ತೋಟಕ್ಕೆ ರೋಗವನ್ನು ಹಂಚಿದ್ದಾಗಿರುತ್ತದೆ. ಅಲಗನ್ನು ಬೆಂಕಿಯಲ್ಲಿ ಹಾಯಿಸುವುದನ್ನೂ ಸ್ಪಿರಿಟ್ಟಿನಿಂದ ಒರಸುವುದನ್ನೂ ಈ ರೋಗದ ಮಟ್ಟಿಗೆ ನಂಬುವಂತಿಲ್ಲ. ಬಟ್ಟೆ ಬಿಳುಪುಮಾಡುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ, ಗಿಡದಿಂದ ಗಿಡಕ್ಕೆ ಹೋಗುವಾಗ ಅಲಗನ್ನು ಅದ್ದುವುದೇ ತಕ್ಕ ಉಪಾಯವು. ಆದರೆ ಈ ದ್ರಾವಣವು ಸಾದಾ ಉಕ್ಕನ್ನು ಕೆಲವೇ ದಿನಗಳಲ್ಲಿ ತಿಂದುಹಾಕುವುದು. ಆದುದರಿಂದ ಇಲ್ಲಿ ಹೆಚ್ಚು ಬೆಲೆಯಾದರೂ ತುಕ್ಕು ಹಿಡಿಯದ ಅಲಗನ್ನೂ ಮರಕ್ಕೆ ಬದಲಾಗಿ ನೈಲಾನಿನ ಹಿಡಿಯನ್ನೂ ಕೊಳ್ಳುವುದು ಮೇಲು. ತುಕ್ಕು ಹಿಡಿಯದ ಉಕ್ಕನ್ನೂ ಸಂಜೆ ಶುದ್ಧವಾದ ನೀರಿನಿಂದ ತೊಳೆದು ಒರಸದಿದ್ದರೆ ಅದರಲ್ಲಿಯೂ ಸಣ್ಣ ಗುಳಿಗಳು ಬೀಳುವುವು.

ಬೆಂಕಿಯಲ್ಲಿ ಹಾಯಿಸುವ ಅಭ್ಯಾಸದಿಂದ ಇನ್ನೊಂದು ಕೇಡೂ ಉಂಟು. ಸಾದಾ ಉಕ್ಕಿನ ಅಲಗಿಗೆ ಸುಮಾರು 200 ಡಿಗ್ರಿಯಲ್ಲಿ ಹದವನ್ನು ನಿಲ್ಲಿಸಿರುತ್ತಾರೆ. ಅದಕ್ಕಿಂತ ಹೆಚ್ಚು ಕಾದರೆ ಮೃದುವಾಗುವುದು. ಬಾಯಿಯ ಬಳಿ ನೀಲಿ ಬಣ್ಣವು ಕಂಡರೆ ಆ ಭಾಗವು ಹದಗೆಟ್ಟಿತೆಂದೇ ತಿಳಿಯಬೇಕು. ತೆಳುವಾದ ಅಲಗಿಗೆ ಇದು ಬಹು ಬೇಗನೆ ಸಂಭವಿಸುವುದು.

ಸಂತೆಯಲ್ಲಿ ಕೊಳ್ಳುವವರು ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತವನ್ನಿಟ್ಟುಕೊಂಡು ಹೋಗುವುದು ಒಳ್ಳೆಯದು. ಅಯಸ್ಕಾಂತಕ್ಕೆ ಹಿಡಿಯದಿದ್ದರೆ ಶ್ರೇಷ್ಠವಾದ ಸ್ಟೈನ್‌ಲೆಸ್ ಸ್ಟೀಲೆಂದು ಅಂಗಡಿಯವರು ಹೇಳುವುದುಂಟು. ಅದು ಪಾತ್ರೆಯ ಮಟ್ಟಿಗೆ ಸರಿಯಾದ ಮಾತು. ಚಾಕುವಿಗೆ ಹದ ಕೊಡಬಹುದಾದ ಸಾಮಾನ್ಯ ಉಕ್ಕುಗಳೆಲ್ಲವೂ, ತುಕ್ಕು ಹಿಡಿಯುವುದಾಗಲಿ ಹಿಡಿಯದುದಾಗಲಿ, ಅಯಸ್ಕಾಂತಕ್ಕೆ ಅಂಟುವುವು. ಅಂಟದ ಅಲಗು ಪಾತ್ರೆಯ ತಗಡಿನದು, ಹರಿತವು ನಿಲ್ಲದು. ಅಲಗನ್ನು ಪೂರ್ತಿಯಾಗಿ ತೆರೆದು ಬೀಗ ಹಾಕಿ, ಮೊನೆಯನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿದಾಗ ಕೀಲಿನಲ್ಲಿ ಸಡಿಲ ಕಾಣಬಾರದು. ಬೆರಳುಗಳನ್ನು ದೂರವಿಟ್ಟು ಅಲಗಿನ ಬೆನ್ನನ್ನು ಹಲಗೆಯ ಅಂಚಿಗೆ ಒತ್ತಿದರೆ ಬೀಗವು ಜಾರಬಾರದು.

ಕಸಿಗೆಂದೇ ಮಾಡಿದ ಚಾಕುಗಳಿಗೆ ಬಾಯಿಯನ್ನು ಒಂದೇ ಪಕ್ಕದಲ್ಲಿ ಇಳಿಜಾರಾಗಿ ಸವೆದು, ಇನ್ನೊಂದು ಪಕ್ಕವನ್ನು ಸಮತಟ್ಟಾಗಿ ಬಿಟ್ಟಿರುತ್ತಾರೆ. ಕಡ್ಡಿಯ ಮೈಯು ಸಮವಾಗಿ ಬರುವುದು ಅದರಿಂದಲೇ. ಇವುಗಳಲ್ಲಿ ಬಲಗೈಯವರಿಗೂ ಎಡಗೈಯವರಿಗೂ ಬೇರೆ ಬೇರೆ ಚಾಕುಗಳುಂಟು. ಡಜನ್ನಿನ ಲೆಕ್ಕದಲ್ಲಿ ತರಿಸುವ ಯಜಮಾನರು ತಮ್ಮ ಆಳುಗಳಲ್ಲಿ ಎಡಗೈಯವರೆಷ್ಟು ಮಂದಿಯೆಂದು ಮೊದಲೇ ಕೇಳಿ, ಅಷ್ಟನ್ನು ಬೇರೆಯಾಗಿ ಬರೆದು ಕಳುಹಿಸಬೇಕು. ಅಂಗಡಿಯಲ್ಲಿ ಅವು ಸಾಮಾನ್ಯವಾಗಿ ಸಿದ್ಧವಾಗಿರುವುದಿಲ್ಲ.