ಸೈಲೆನ್ಸರ್‌ನಿಂದ ಕಿತ್ತ ಡಬ್ಬಿ ಯಾರ ಪಾಲಾಯಿತು?

"ಸಾರ್, ಈ ಡಬ್ಬಿ ಕಟ್ಟಿಕೊಂಡಿದೆ. ಕಿತ್ತು ಹಾಕಿ ನೇರ ಪೈಪ್ ವೆಲ್ಡ್ ಮಾಡ್ತೀನಿ. ಪಿಕಪ್ಪೂ ಬರುತ್ತೆ, ಮೈಲೇಜೂ ಬರುತ್ತೆ. ಕೂಲಿ ಬೇಡ, ಹಳೇ ಡಬ್ಬಿ ನನಗೆ ಬಿಡಿ ಸಾಕು."

ಹಳೆಯ ಕಾರು ಇಟ್ಟುಕೊಂಡವರಿಗೆ ಈ ಮಾತು ಹೊಸದಲ್ಲ. ಸುದ್ದಿಗೆಂದು ಊರೂರು ತಿರುಗಲು ನಾವೆಲ್ಲ ಸೇರಿ ಕೊಂಡಿದ್ದ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರಿನ ಕೆಳಗೆ ಮಲಗಿ ಒಬ್ಬ ಮೆಕ್ಯಾನಿಕ್ ನಮಗೂ ಇದನ್ನೇ ಹೇಳಿದ. ಕೂಲಿ ಉಳಿಯಿತಲ್ಲ ಎಂದು ನಾವೂ ಹೂಂ ಅಂದೆವು. ಪತ್ರಿಕೋದ್ಯಮ ಓದಿದವರು, "ಪುಕ್ಕಟೆ ಯಾಕೆ ಮಾಡ್ತೀಯಪ್ಪಾ?" ಅಂತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ!

ಆ ಡಬ್ಬಿಯ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್. ಒಳಗೆ ಜೇನುಗೂಡಿನಂಥ ಪಿಂಗಾಣಿ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಲೇಪ ತೆಳು, ಆದರೆ ರೋಡಿಯಂ ಈಚಿನ ವರ್ಷಗಳಲ್ಲಿ ಬಂಗಾರಕ್ಕಿಂತ ದುಬಾರಿ. ಅದಕ್ಕೇ ಗುಜರಿಯವರು ಅದನ್ನು ಕಬ್ಬಿಣದ ರೇಟಿಗೆ ಕೊಳ್ಳುವುದಿಲ್ಲ. ಉಚಿತ ಸೇವೆಯ ಗುಟ್ಟು ಇಷ್ಟೇ.

ನಿಜ ಹೇಳಬೇಕು, ಪಿಕಪ್ ಬಂತು. ಡಬ್ಬಿ ನಿಜಕ್ಕೂ ಕಟ್ಟಿಕೊಂಡಿತ್ತು. ಆದರೆ ಯಾಕೆ ಕಟ್ಟಿಕೊಂಡಿತು? ಒಂದು ಸ್ಪಾರ್ಕ್ ಪ್ಲಗ್ ಸರಿಯಾಗಿ ಹೊತ್ತುತ್ತಿರಲಿಲ್ಲ. ಉರಿಯದ ಪೆಟ್ರೋಲ್ ಡಬ್ಬಿಗೆ ಹೋಗಿ ಅಲ್ಲಿ ಉರಿದು ಜೇನುಗೂಡೇ ಕರಗಿತ್ತು. ಅದನ್ನು ಯಾರೂ ರಿಪೇರಿ ಮಾಡಲಿಲ್ಲ. ಪೆಟ್ರೋಲ್ ಹಾಗೇ ಹಾಳಾಗುತ್ತಿತ್ತು, ಮೈಲೇಜ್ ಇದ್ದಲ್ಲೇ ಇತ್ತು. ಚೆನ್ನಾಗಿರುವ ಕನ್ವರ್ಟರ್ ಮೈಲೇಜನ್ನು ತಿನ್ನುವುದು ಇಲ್ಲವೆನ್ನುವಷ್ಟು ಕಡಿಮೆ.

ಮಳೆಗಾಲ ಬಂತು. ಗಾಜು ಏರಿಸಿಕೊಂಡು ಹೊರಟರೆ ಹಿಂದೆ ಕೂತವರಿಗೆ ತಲೆನೋವು, ಓಕರಿಕೆ. ನೋಡಿದರೆ ವೆಲ್ಡಿಂಗ್ ಬಿರುಕು ಬಿಟ್ಟಿತ್ತು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ, ಜಾಸ್ತಿಯಾದರೆ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಆ ವಿಷವನ್ನು ಬಹುಪಾಲು ಕಾರ್ಬನ್ ಡೈಆಕ್ಸೈಡ್ ಮಾಡಿ ಬಿಡುತ್ತಿದ್ದ ಡಬ್ಬಿಯನ್ನೇ ನಾವು ಗುಜರಿಗೆ ಕಳಿಸಿದ್ದೆವು.

ನಾವು ದೊಡ್ಡವರು, ತಲೆನೋವು ಎಂದು ಹೇಳಿ ಇಳಿದೆವು. ಶಾಲೆಗೆ ಟ್ರಿಪ್ ಹೊಡೆಯುವ ಹಳೇ ಓಮ್ನಿಗಳಲ್ಲಿ ಒಬ್ಬರ ತೊಡೆ ಮೇಲೆ ಒಬ್ಬರು ಕೂತ ಯುಕೆಜಿ ಮಕ್ಕಳು ಏನು ಹೇಳಬೇಕು? ಅದರಲ್ಲಿ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಹೊಗೆ ಪೈಪ್ ಹಾದು ಹೋಗುವುದು ಮಕ್ಕಳ ಕಾಲಡಿ. ನೆಲದ ತಗಡು ತುಕ್ಕು ಹಿಡಿದು ತೂತಾಗಿದ್ದರೆ ಕತೆ ಕೇಳುವುದೇ ಬೇಡ.

"ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ" ಅನ್ನುತ್ತಾರೆ. ನಮ್ಮ ಕಾರಿಗೂ ಸರ್ಟಿಫಿಕೇಟ್ ಸಿಕ್ಕಿತು, ಪೈಪಿಗೆ ಕಡ್ಡಿ ಇಡದೆಯೇ. ನಂಬರ್ ಪ್ಲೇಟಿನ ಫೋಟೊ ಹೊಡೆದರು, ದುಡ್ಡು ತೆಗೆದುಕೊಂಡರು, ಮುಗಿಯಿತು. ಡೀಸೆಲ್ ಗಾಡಿಗಳದು ಇನ್ನೊಂದು ಕತೆ. ಅಲ್ಲಿ ಇಜಿಆರ್ ವಾಲ್ವ್‌ಗೆ ತಗಡು ಬಡಿದು ಮುಚ್ಚುತ್ತಾರೆ. ಆಗ ಹೆಚ್ಚುವುದು ನೈಟ್ರೋಜನ್ ಆಕ್ಸೈಡ್, ಉಬ್ಬಸ ಕೆರಳಿಸುವ ಅನಿಲ. ಎಮಿಷನ್ ಟೆಸ್ಟಿನಲ್ಲಿ ಡೀಸೆಲ್‌ಗೆ ಅಳೆಯುವುದು ಹೊಗೆಯ ದಟ್ಟಣೆಯನ್ನು ಮಾತ್ರ. ಪ್ರಾಮಾಣಿಕವಾಗಿ ಟೆಸ್ಟ್ ಮಾಡಿದರೂ ಕಳ್ಳ ಸಿಗುವುದಿಲ್ಲ!

ಕಾನೂನು ಇಲ್ಲವೇ? ಇದೆ. 2019ರ ತಿದ್ದುಪಡಿಯ ನಂತರ, ಕಾಯ್ದೆ ಒಪ್ಪದ ರೀತಿ ಗಾಡಿಯನ್ನು ಬದಲಿಸಿದ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಹೊಗೆಯ ಮಿತಿ ಮೀರಿ ಓಡಿಸಿದರೆ 10,000 ರೂಪಾಯಿವರೆಗೆ ದಂಡ. ಸಿಕ್ಕಿಬೀಳುವುದು ಮಾಲೀಕ. ಡಬ್ಬಿ ಮಾರಿ ಕಾಸು ಮಾಡಿದವನು ಗ್ಯಾರೇಜಿನಲ್ಲಿ ಚಾ ಕುಡಿಯುತ್ತಿರುತ್ತಾನೆ.

"ಹೊಸ ಡಬ್ಬಿಗೆ ಸಾವಿರಾರು ರೂಪಾಯಿ ಬೇಕು, ನಿಮಗೇನು ಗೊತ್ತು ಬಡವರ ಕಷ್ಟ" ಎಂದು ಕೆಲವರು ಬೈಯಬಹುದು. ಗೊತ್ತು, ನಾವೇ ಚಂದಾ ಎತ್ತಿ ಹಾಕಿಸಿದೆವು. ಆದರೆ ಮೊದಲು ಪ್ಲಗ್ಗು, ಕಾಯಿಲು, ಆಕ್ಸಿಜನ್ ಸೆನ್ಸರ್ ನೋಡಿಸಿ. ಇಂಜಿನ್ ಆಯಿಲ್ ಕುಡಿಯುತ್ತಿದೆಯಾ ನೋಡಿಸಿ. ಅಲ್ಲೇ ಸರಿಹೋದರೆ ಡಬ್ಬಿಯೇ ಉಳಿಯಬಹುದು. ನಿಜಕ್ಕೂ ಹೋಗಿದೆ ಎಂದರೆ ಹಳೆಯದನ್ನು ಕೈಗೆ ತೆಗೆದುಕೊಳ್ಳಿ, ಗುಜರಿ ರೇಟು ನೀವೇ ಕೇಳಿ, ಆ ದುಡ್ಡನ್ನು ಹೊಸದಕ್ಕೆ ಹಾಕಿ. ಅದು ನಿಮ್ಮ ಆಸ್ತಿ.

ಆರ್‌ಟಿಓ ಅಧಿಕಾರಿಗಳೇ, ಹೆದ್ದಾರಿಯಲ್ಲಿ ಹೆಲ್ಮೆಟ್ ಹಿಡಿಯುವುದರ ಜೊತೆಗೆ ತಾಲ್ಲೂಕಿನ ಎಮಿಷನ್ ಸೆಂಟರ್‌ಗಳಲ್ಲಿ ಒಂದು ದಿನ ಕೂತು ನೋಡಿ. ಮಕ್ಕಳನ್ನು ಶಾಲಾ ವ್ಯಾನಿಗೆ ಹತ್ತಿಸುವ ಅಪ್ಪ ಅಮ್ಮಂದಿರೇ, ಈ ತಿಂಗಳ ಬಾಡಿಗೆ ಕೊಡುವ ಮೊದಲು ಡ್ರೈವರ್‌ನನ್ನು ಕೇಳಿ: "ಅಣ್ಣಾ, ಸೈಲೆನ್ಸರ್ ಡಬ್ಬಿ ಇದೆಯಾ, ಕಿತ್ತಿದ್ದೀಯಾ?"