ಡೀಕಾರ್ಬನ್ ಎಂಬ ದಕ್ಷಿಣೆ

ಕಾರನ್ನು ಸರ್ವೀಸಿಗೆ ಬಿಟ್ಟರೆ ಈಗ ಒಂದು ದಕ್ಷಿಣೆ ಕಡ್ಡಾಯ ಅನ್ನೋ ಹಾಗಾಗಿದೆ. ಆಯಿಲ್ಲು, ಫಿಲ್ಟರು, ವೀಲ್ ಅಲೈನ್‌ಮೆಂಟು ಎಲ್ಲ ಜಾಬ್ ಕಾರ್ಡಿಗೆ ಬರೆದಾದ ಮೇಲೆ ಅಡ್ವೈಸರ್ ಹುಡುಗ ತಲೆ ಎತ್ತದೆ ಕೇಳ್ತಾನೆ: “ಸಾರ್, 20 ಸಾವಿರ ಓಡಿದೆಯಲ್ಲ, ಇಂಜಿನ್ ಡೀಕಾರ್ಬನ್ ಹಾಕ್ಬಿಡ್ಲಾ? ಪಿಕಪ್ಪು, ಮೈಲೇಜು ಎರಡೂ ಬರುತ್ತೆ.” ಬಾನೆಟ್ ಎತ್ತಿಲ್ಲ, ಒಂದು ರೌಂಡು ಓಡಿಸಿ ನೋಡಿಲ್ಲ. ಕಿಲೋಮೀಟರು ನೋಡಿ ಕಾಯಿಲೆ ಹೇಳುವ ವೈದ್ಯರು ಇವರು.

ಇಂಜಿನ್ನಿನಲ್ಲಿ ಮಸಿ ಕಟ್ಟುವುದೇ ಸುಳ್ಳು ಅಂತ ನಾನು ಹೇಳ್ತಿಲ್ಲ. ಸೌದೆ ಒಲೆಯ ಮೇಲಿನ ಪಾತ್ರೆಯ ತಳ ತಿಕ್ಕಿದವರಿಗೆ ಇದನ್ನು ವಿವರಿಸಬೇಕಾಗಿಯೂ ಇಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಓಡಿಸಿದವರನ್ನು ಕೇಳಿ. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿನ ಜೊತೆ ಆಯಿಲ್ಲೂ ಉರಿಯಬೇಕು. ಅರೆಬರೆ ಉರಿದ ಎಣ್ಣೆ ಪಿಸ್ಟನ್ನಿನ ತಲೆಯ ಮೇಲೆ, ಎಕ್ಸಾಸ್ಟ್ ಪೋರ್ಟಿನ ಬಾಯಲ್ಲಿ, ಸೈಲೆನ್ಸರಿನ ಒಳಗೆ ಕಲ್ಲಿನ ಹಾಗೆ ಕೂತುಬಿಡೋದು. ಗಾಡಿ ದಮ್ಮು ಕಟ್ಟಿದವರ ಹಾಗೆ ಏದುಸಿರು ಬಿಡೋದು. ಆಗ ಮೆಕ್ಯಾನಿಕ್ಕು ಹೆಡ್ ಬಿಚ್ಚಿ ಕೆರೆದು ತೆಗೀತಿದ್ದ, ಸೈಲೆನ್ಸರನ್ನು ಬೆಂಕಿಗೆ ಹಿಡಿದು, ತಟ್ಟಿ ತಟ್ಟಿ ಉದುರಿಸ್ತಿದ್ದ. ಮಸಿ ನಮ್ಮ ಕಣ್ಣೆದುರಿಗೇ ನೆಲಕ್ಕೆ ಬೀಳುತ್ತಿತ್ತು. ಅದಕ್ಕೆ ದುಡ್ಡು ಕೊಡುವಾಗ ಯಾರೂ ಗೊಣಗಿದ್ದು ನಾನು ಕಂಡಿಲ್ಲ.

ಅದೇ ಹೆಸರನ್ನು ಈಗ ಯಾವುದಕ್ಕೆ ಇಟ್ಟಿದ್ದಾರೆ ನೋಡಿ. ಒಂದು ಪೆಟ್ಟಿಗೆ. ಅದರೊಳಗೆ ನೀರಿಗೆ ಕರೆಂಟು ಹಾಯಿಸಿ ಹೈಡ್ರೋಜನ್, ಆಕ್ಸಿಜನ್ ಮಾಡ್ತಾರೆ. ಪೈಪನ್ನು ಇಂಜಿನ್ ಗಾಳಿ ಎಳೆಯುವ ಕಡೆ ಸಿಕ್ಕಿಸಿ, ಅರ್ಧ ಮುಕ್ಕಾಲು ಗಂಟೆ ಕಾರನ್ನು ನಿಂತಲ್ಲೇ ಗುರ್ರೆನ್ನಿಸ್ತಾರೆ. ಕೊನೆಗೆ ಸೈಲೆನ್ಸರಿನಿಂದ ಕಪ್ಪು ನೀರು ತೊಟ್ಟಿಕ್ಕುತ್ತೆ. “ನೋಡಿ ಸಾರ್ ಕಾರ್ಬನ್ನು!” ಸ್ವಾಮಿ, ಪೆಟ್ರೋಲ್ ಉರಿದರೆ ನೀರಿನ ಆವಿ ಹುಟ್ಟೇ ಹುಟ್ಟುತ್ತೆ. ತಣ್ಣಗಿರುವ ಸೈಲೆನ್ಸರಿನಲ್ಲಿ ಅದು ನೀರಾಗಿ, ಅಲ್ಲಿನ ಮಸಿಯನ್ನೇ ತೊಳೆದುಕೊಂಡು ಹೊರಗೆ ಬರುತ್ತೆ. ಡಿಸೆಂಬರಿನ ಬೆಳಗ್ಗೆ ಯಾವ ಪೆಟ್ರೋಲ್ ಕಾರಿನ ಹಿಂದೆ ನಿಂತರೂ ಈ ಪವಾಡ ಪುಕ್ಕಟೆ ನೋಡಬಹುದು.

ಮಸಿ ಎಲ್ಲಿ ಕೂರುತ್ತೆ ಅನ್ನೋದು ಇಂಜಿನ್ನಿನ ಜಾತಿಯ ಮೇಲೆ ಹೋಗುತ್ತೆ. ನಮ್ಮಲ್ಲಿನ ಬಹುಪಾಲು ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಇಂಜೆಕ್ಟರು ಇನ್‌ಟೇಕ್ ವಾಲ್ವಿನ ಬೆನ್ನಿಗೇ ಪೆಟ್ರೋಲ್ ಚಿಮ್ಮಿಸುತ್ತೆ. ದಿನಾ ಪೆಟ್ರೋಲಿನ ಸ್ನಾನ ಆಗುವ ವಾಲ್ವಿಗೆ ಹೆಚ್ಚು ಕೊಳೆ ಹಿಡಿಯಲ್ಲ. ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನುಗಳದ್ದು ಬೇರೆ ಕಥೆ. ಪೆಟ್ರೋಲ್ ನೇರವಾಗಿ ಸಿಲಿಂಡರಿನ ಒಳಕ್ಕೆ ಹೋಗೋದರಿಂದ ವಾಲ್ವಿನ ಬೆನ್ನಿಗೆ ಸ್ನಾನವಿಲ್ಲ. ಕ್ರ್ಯಾಂಕ್‌ಕೇಸಿನಿಂದ ಬರುವ ಎಣ್ಣೆಯ ಆವಿ ಅಲ್ಲೇ ಕೂತು ಬೇಯುತ್ತೆ. ಕೊಳೆ ನಿಜವಾಗಿ ಇರೋದು ಇಲ್ಲಿ. ಟ್ಯಾಂಕಿಗೆ ಸುರಿಯುವ ಬಾಟಲಿಯ ಔಷಧಿ ಮುಟ್ಟಲಾಗದ ಜಾಗವೂ ಇದೇ, ಯಾಕಂದ್ರೆ ಪೆಟ್ರೋಲೇ ಆ ದಾರಿಯಲ್ಲಿ ಹೋಗಲ್ಲ. ಪೆಟ್ಟಿಗೆಯ ಗ್ಯಾಸು ಆ ದಾರಿಯಲ್ಲಿ ಹೋಗುತ್ತೆ ನಿಜ, ಆದರೆ ಅದು ಉರಿಯುವುದು ಸಿಲಿಂಡರಿನ ಒಳಗೆ ಹೊಕ್ಕು ವಾಲ್ವು ಮುಚ್ಚಿದ ಮೇಲೆ. ಬಾಗಿಲ ಹೊರಗಿನ ಕೊಳೆಗೆ ಒಳಗೆ ಬೆಂಕಿ ಹಚ್ಚಿದ ಹಾಗೆ. (ಒಳ್ಳೆಯ ಔಷಧಿ ಇಂಜೆಕ್ಟರನ್ನು ಸ್ವಚ್ಛ ಮಾಡುತ್ತೆ. ಅದಷ್ಟನ್ನು ಒಪ್ಪಿಕೊಳ್ತೀನಿ.) ವಾಲ್ವಿನ ಕೊಳೆ ಹೋಗಬೇಕಾದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಬಡಿಸಿ ತೆಗೀಬೇಕು. ಮೈ ಬಗ್ಗಿಸಿ ಮಾಡುವ ಕೆಲಸ. ಪೈಪು ಸಿಕ್ಕಿಸಿ ಟೀ ಕುಡಿಯೋಕೆ ಹೋಗುವಂಥದ್ದಲ್ಲ.

ಡೀಸೆಲ್‌ನಲ್ಲಿ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೇ ಕಳಿಸುವ ಇಜಿಆರ್ ವಾಲ್ವು ಅಂತ ಇರುತ್ತೆ. ಹೊಗೆಯ ಮಸಿ, ಎಣ್ಣೆಯ ಆವಿ ಕೂಡಿ ಅಲ್ಲಿ ಟಾರಿನಂತೆ ಅಂಟುತ್ತೆ. ನಮ್ಮ ಬೀದಿಯಲ್ಲಿ ಟ್ಯಾಕ್ಸಿ ಓಡಿಸುವ ಹುಡುಗನೊಬ್ಬನ ಗಾಡಿ ಕಪ್ಪು ಹೊಗೆ ಉಗುಳುತ್ತಿತ್ತು, ಘಾಟಿ ಹತ್ತೋಕೆ ಒದ್ದಾಡುತ್ತಿತ್ತು. ದೊಡ್ಡ ಸರ್ವೀಸ್ ಸೆಂಟರಿನಲ್ಲಿ 3,500 ರೂಪಾಯಿ ತಗೊಂಡು ಗ್ಯಾಸು ಬಿಟ್ಟು ಕಳಿಸಿದರು. ವಾರಕ್ಕೆ ಮತ್ತೆ ಅದೇ ಹೊಗೆ. “ಅಣ್ಣಾ, ಈ ತಿಂಗಳ ಇಎಂಐ ದುಡ್ಡು ಅದು” ಅಂದ. ಆಮೇಲೆ ರಿಂಗ್ ರೋಡಿನ ಪಕ್ಕದ ಶೀಟಿನ ಗ್ಯಾರೇಜಿನವರು ಇಜಿಆರ್ ಬಿಚ್ಚಿ, ಸ್ಪ್ರೇ ಹೊಡೆದು, ಬ್ರಷ್ಷಿನಲ್ಲಿ ಉಜ್ಜಿ 900 ರೂಪಾಯಿ ತಗೊಂಡರು. ಮಸಿ ತುಂಬಿ ಮುಚ್ಚಿಹೋಗಿದ್ದ ವಾಲ್ವನ್ನು ಅವನ ಕೈಗೇ ಕೊಟ್ಟು ತೋರಿಸಿದರಂತೆ. ಹೊಗೆ ನಿಂತಿದೆ.

ಅಡ್ವೈಸರ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳಿಗೆ ಇಷ್ಟು ಡೀಕಾರ್ಬನ್ ಬಿಲ್ಲು ಆಗಲೇಬೇಕು ಅಂತ ತನ್ನ ಮೇಲೆ ಟಾರ್ಗೆಟ್ ಇದೆ ಅಂತ ಒಬ್ಬ ನನ್ನ ಹತ್ತಿರ ಬಾಯಿಬಿಟ್ಟೇ ಹೇಳಿದ. ಸಿಟ್ಟು ಇರೋದು ಟಾರ್ಗೆಟ್ ಹಾಕಿದವರ ಮೇಲೆ. ರೋಗವಿಲ್ಲದ ಗಾಡಿಗೆ ಔಷಧಿ ಮಾರಿ, ರೋಗವಿದ್ದ ಗಾಡಿಯನ್ನು ಬಿಚ್ಚಿ ನೋಡುವ ಕಷ್ಟವನ್ನೇ ಇವರು ಬಿಟ್ಟಿದ್ದಾರೆ. ಬಿಚ್ಚಿ ನೋಡುವ ಕೈಗಳು ಶೀಟಿನ ಗ್ಯಾರೇಜುಗಳಲ್ಲಿ ಉಳಿದಿವೆ, ಎಸಿ ಲೌಂಜುಗಳಲ್ಲಿ ಕಾಫಿ ಮಾತ್ರ ಚೆನ್ನಾಗಿದೆ.

ಇನ್ನೊಂದು ಸಲ ಕೇಳಿದಾಗ ನೀವೂ ಕೇಳಿ: “ಕಾರ್ಬನ್ ಎಲ್ಲಿದೆಯಪ್ಪಾ, ತೋರಿಸು.” ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಒಳಗೆ ಬಿಡುವ ಸಣ್ಣ ಕ್ಯಾಮೆರಾ ಬರುತ್ತೆ, ಪಿಸ್ಟನ್ನಿನ ತಲೆ ಮೊಬೈಲ್ ಪರದೆಯ ಮೇಲೇ ಕಾಣುತ್ತೆ. ಕಾರಿನ ಜೊತೆ ಕೊಟ್ಟ ಮ್ಯಾನುಯಲ್ಲನ್ನೂ ತೆಗೆದು, ಸರ್ವೀಸ್ ಪಟ್ಟಿಯಲ್ಲಿ ಡೀಕಾರ್ಬನ್ ಅಂತ ಎಲ್ಲಿ ಬರೆದಿದೆ ಅಂತ ಕೇಳಿ. ನನ್ನ ಕಾರಿನದರಲ್ಲಂತೂ ಇಲ್ಲ. ತೋರಿಸೋಕೆ ಆಗದಿದ್ದರೆ ಜಾಬ್ ಕಾರ್ಡಿನ ಆ ಸಾಲನ್ನು ಹೊಡೆಸಿ, ಒಟ್ಟು ಮೊತ್ತ ತಿದ್ದಿಸಿ, ಆಮೇಲೆ ಸಹಿ ಹಾಕಿ.